ಕ್ಯಾರವಾನ್ ಪ್ರವಾಸದ ಕೊನೆಯ ಮೂರು ದಿನ: ಕುಂದಾಪುರದಿಂದ ಮಂಗಳೂರಿಗೆ ನಿಧಾನವಾಗಿ ಬನ್ನಿ

ಪ್ರವಾಸದ ಮೊದಲ ದಿನಕ್ಕೆ ನಾವು ತಿಂಗಳುಗಟ್ಟಲೆ ತಯಾರಿ ಮಾಡುತ್ತೇವೆ. ಎಲ್ಲಿ ಉಳಿಯೋದು, ಏನು ತಿನ್ನೋದು, ಯಾವ ಬ್ಯಾಗಲ್ಲಿ ಏನು, ಎಲ್ಲಕ್ಕೂ ಒಂದು ಪಟ್ಟಿ. ಕೊನೆಯ ದಿನಕ್ಕೆ ಮಾತ್ರ ಏನೂ ಇಲ್ಲ. "ಮನೆಗೆ ಬರೋದಲ್ವಾ, ಅದಕ್ಕೇನು ತಯಾರಿ" ಅಂತ ಬಿಟ್ಟುಬಿಡುತ್ತೇವೆ. ಕಾರಲ್ಲಿ ಹೋದವರಿಗೆ ಅದು ನಡೆದೀತು. ಕ್ಯಾರವಾನಲ್ಲಿ ಹೋದವರಿಗೆ ನಡೆಯುವುದಿಲ್ಲ. ಅದರಲ್ಲಿ ಅಡುಗೆಮನೆ ಇದೆ, ಕಕ್ಕಸು ಇದೆ, ಆರು ಜನರ ಹಾಸಿಗೆ ಇದೆ. ಪ್ರವಾಸ ಮುಗಿಯಿತು ಅಂದರೆ ಬಾಡಿಗೆ ಮನೆ ಖಾಲಿ ಮಾಡುವಷ್ಟು ಕೆಲಸ ಬಾಕಿ ಇದೆ ಅಂತಲೇ ಅರ್ಥ.

ನಮ್ಮ ಮೊದಲ ಪ್ರವಾಸದಲ್ಲಿ ಇದು ನಮಗೆ ಗೊತ್ತಿರಲಿಲ್ಲ. ಬಾಡಿಗೆಗೆ ತಂದ ಗಾಡಿ. ಮರುದಿನ ಬೆಳಗ್ಗೆ 10ಕ್ಕೆ ಒಪ್ಪಿಸಬೇಕಿತ್ತು. ರತ್ನಗಿರಿಯಿಂದ ನಸುಕಿಗೆ ಹೊರಟು ಒಂದೇ ದಿನದಲ್ಲಿ ಮಂಗಳೂರಿಗೆ ಬಂದೆವು. ಮನೆ ಮುಟ್ಟಿದಾಗ ಮಧ್ಯರಾತ್ರಿ ದಾಟಿತ್ತು. ಮಾವನ ಕಾಲು ಬಾತು ಚಪ್ಪಲಿಗೆ ಹಿಡಿಯುತ್ತಿರಲಿಲ್ಲ. ಗೇಟಿನ ಒಳಗೆ ತಿರುಗಿಸುವಾಗ ಕತ್ತಲಲ್ಲಿ ಹಲಸಿನ ಕೊಂಬೆ ಕಾಣಲಿಲ್ಲ. ಗಾಡಿಯ ಬದಿಗೆ ಬಿಚ್ಚುವ ನೆರಳಿನ ಪರದೆ ಹರಿಯಿತು. ಬೆಳಗ್ಗೆ ಎದ್ದು ನೋಡಿದರೆ ಕೊಳೆನೀರಿನ ಟ್ಯಾಂಕ್ ತುಂಬಿದೆ, ಫ್ರಿಜ್ಜಲ್ಲಿ ಹುಳಿಬಂದ ಮೊಸರು, ಹಾಸಿಗೆಯ ತುಂಬ ಮರಳು. ಠೇವಣಿಯಲ್ಲಿ ದೊಡ್ಡ ಮೊತ್ತವೇ ಹೋಯಿತು. ಹಣಕ್ಕಿಂತ ಜಾಸ್ತಿ ಬೇಸರ ಆದದ್ದು ಬೇರೆಯದಕ್ಕೆ. ಮೂರು ವಾರದ ಒಳ್ಳೆಯ ಪ್ರವಾಸ, ಆದರೆ ಮನೆಯಲ್ಲಿ ಎಲ್ಲರಿಗೂ ನೆನಪಿದ್ದದ್ದು ಆ ಕೊನೆಯ ರಾತ್ರಿಯ ಜಗಳ ಮಾತ್ರ.

ಎರಡನೇ ಸಲ ಕಛ್‌ವರೆಗೆ ಹೋದೆವು. 23 ದಿನ. ಬರುವಾಗ ಕೊಂಕಣ ಕರಾವಳಿಯ ದಾರಿ. ಆ ಸಲ ಕೊನೆಯ ಮೂರು ದಿನವನ್ನು ಕುಂದಾಪುರ ಮತ್ತು ಮಂಗಳೂರಿನ ಮಧ್ಯೆಯೇ ಕಳೆದೆವು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ. ನಿಮ್ಮ ಮನೆ ಬೇರೆ ಊರಲ್ಲಿದ್ದರೂ ಲೆಕ್ಕ ಇದೇ.

ಲೆಕ್ಕವನ್ನು ಹಿಂದಿನಿಂದ ಹಾಕಿ

ಗಾಡಿ ಒಪ್ಪಿಸುವ ಹೊತ್ತನ್ನು ಮೊದಲು ಬರೆಯಿರಿ. ಸೋಮವಾರ ಮಧ್ಯಾಹ್ನ ಅಂದುಕೊಳ್ಳಿ. ಹಾಗಾದರೆ ಶನಿವಾರ ಮಧ್ಯಾಹ್ನದ ಊಟದ ಹೊತ್ತಿಗೆ ನೀವು ಮನೆಯಿಂದ 100 ಕಿ.ಮೀ. ಒಳಗೆ ಇರಬೇಕು. ಉತ್ತರದಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬರುವವರಿಗೆ ಅದು ಕುಂದಾಪುರದ ಆಸುಪಾಸು. ಕುಂದಾಪುರದಿಂದ ಉಡುಪಿಗೆ 40 ಕಿ.ಮೀ. ಒಳಗೆ, ಅಲ್ಲಿಂದ ಮಂಗಳೂರಿಗೆ ಸುಮಾರು 60. ಈ ಇಷ್ಟು ದಾರಿಗೆ ಮೂರು ದಿನ ಇಟ್ಟುಕೊಳ್ಳಿ. "ಎರಡು ಗಂಟೆಯ ದಾರಿಗೆ ಮೂರು ದಿನವಾ" ಅಂತ ಮನೆಯಲ್ಲಿ ಕೇಳುತ್ತಾರೆ. ನನ್ನ ಗಂಡನೂ ಕೇಳಿದರು. ಆ ಮೂರು ದಿನ ಗಾಡಿ ಓಡಿಸಲಿಕ್ಕೆ ಅಲ್ಲ, ಗಾಡಿಯಿಂದ ಇಳಿಯಲಿಕ್ಕೆ.

ನನ್ನ ಅಜ್ಜ ಎತ್ತಿನಗಾಡಿ ಹೊಡೆಯುತ್ತಿದ್ದವರು. ಸಂತೆ ಮುಗಿಸಿ ಬರುವಾಗ ಊರಿನ ವಾಸನೆ ಸಿಕ್ಕಿದ ಮೇಲೆ ಎತ್ತುಗಳು ತಾವಾಗಿಯೇ ಓಡುತ್ತವೆ, ಹಗ್ಗ ಬಿಗಿ ಹಿಡಿಯಬೇಕಾದದ್ದು ಆಗಲೇ ಅನ್ನುತ್ತಿದ್ದರು. ಕಾರವಾರ ದಾಟಿ ಕನ್ನಡದ ಬೋರ್ಡುಗಳು ಕಾಣಲು ಶುರುವಾದ ಕೂಡಲೇ ನಮಗೂ ಹಾಗೇ ಆಗುತ್ತದೆ. ಇನ್ನು ಸ್ವಲ್ಪವೇ, ಹೋಗಿಬಿಡೋಣ ಅನಿಸುತ್ತದೆ. ಆದರೆ ಈ ಹೆದ್ದಾರಿ ಊರುಗಳ ಮಧ್ಯದಲ್ಲೇ ಹಾದು ಬರುತ್ತದೆ. ಎದುರು ದಿಕ್ಕಿನಿಂದ ಸ್ಕೂಟರ್ ಬರುತ್ತದೆ, ಡಿವೈಡರ್ ಸಂದಿಯಲ್ಲಿ ದನ ನಿಂತಿರುತ್ತದೆ, ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸು ಹಾರನ್ ಹಾಕುತ್ತಾ ಬರುತ್ತದೆ. ದಣಿದ ಕಣ್ಣಿಗೆ ರಾತ್ರಿ ಇದೆಲ್ಲ ಆಗುವ ಮಾತಲ್ಲ. ಸೂರ್ಯ ಮುಳುಗುವ ಮೊದಲು ಗಾಡಿ ನಿಲ್ಲಿಸಿ. ಇದರಲ್ಲಿ ರಾಜಿ ಬೇಡ.

ಬೆಂಗಳೂರು ಕಡೆಯಿಂದ ಬರುವವರು ಘಾಟಿಯ ವಿಷಯ ಮೊದಲೇ ನಿರ್ಧರಿಸಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳು ಉದ್ದದ ಗಾಡಿಗೆ ಹೇಳಿದ್ದಲ್ಲ. ಚಾರ್ಮಾಡಿಯಲ್ಲಿ 2019ರ ಭೂಕುಸಿತದ ನಂತರ ದೊಡ್ಡ ವಾಹನಗಳಿಗೆ ನಿರ್ಬಂಧ ಬಂದಿದೆ. ಕ್ಯಾರವಾನಿಗೆ ಶಿರಾಡಿಯೇ ಸರಿ, ಅದೂ ಹಗಲಲ್ಲಿ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರಲ್ಲಿ ಬನ್ನಿ. ಸುಟ್ಟ ವಾಸನೆ ಬಂದರೆ ಬ್ರೇಕ್ ಕಾದಿದೆ ಎಂದರ್ಥ. ಅಗಲ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಸುಮ್ನೆ ಬಿಡಿ. ಕಾದ ಬ್ರೇಕಿಗೆ ನೀರು ಹೊಯ್ಯಬೇಡಿ, ಲೋಹ ಬಿರುಕು ಬಿಡಬಹುದು.

ಮೊದಲ ದಿನ: ಅಂಗಳ ಹುಡುಕಿ, ಬೀಚ್ ಅಲ್ಲ

ಕೊನೆಯ ಎರಡು ರಾತ್ರಿ ಕಡಲ ಪಕ್ಕದಲ್ಲೇ ಕಳೆಯಬೇಕು ಅಂತ ಎಲ್ಲರಿಗೂ ಆಸೆ. ನಮಗೂ ಇತ್ತು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ಮಧ್ಯೆ ರಸ್ತೆ. ಅದನ್ನು ನೋಡಿದ ಮಕ್ಕಳು ಇಲ್ಲೇ ಮಲಗೋಣ ಅಂತ ಹಟ ಹಿಡಿದರು. ಇಳಿದು ಕಣ್ತುಂಬ ನೋಡಿ, ಎಳನೀರು ಕುಡಿಯಿರಿ, ಹೊರಡಿ. ಕೊನೆಯ ದಿನಗಳಲ್ಲಿ ನಿಮಗೆ ಬೇಕಾದದ್ದು ನೋಟ ಅಲ್ಲ. ಸಿಹಿನೀರಿನ ಬಾವಿ, ಕರೆಂಟಿನ ಪ್ಲಗ್ಗು, ಬಟ್ಟೆ ಒಣಗಿಸುವ ಹಗ್ಗ ಇರುವ ಒಂದು ಅಂಗಳ. ಕೋಟ, ಸಾಲಿಗ್ರಾಮ, ಸಾಸ್ತಾನ, ಬ್ರಹ್ಮಾವರ ಕಡೆ ದೊಡ್ಡ ಅಂಗಳದ ಹೋಂಸ್ಟೇಗಳು ಸಿಗುತ್ತವೆ. ರೂಮು ಬೇಡ, ಗಾಡಿ ನಿಲ್ಲಿಸಲು ಜಾಗ ಸಾಕು ಅಂದರೆ ಎಷ್ಟೋ ಜನ ಒಪ್ಪುತ್ತಾರೆ. ಆದರೂ ಒಂದು ರೂಮು ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಹಿರಿಯರಿಗೆ ನೆಟ್ಟಗಿನ ಮಂಚ, ಉಳಿದವರಿಗೆ ದೊಡ್ಡ ಬಚ್ಚಲು. 20 ದಿನ ಬಕೆಟ್ ಇಡಲೂ ಜಾಗ ಇಲ್ಲದ ಮೂಲೆಯಲ್ಲಿ ಮಿಂದವರಿಗೆ ಹಂಡೆಯ ಬಿಸಿನೀರು ಎಂಥ ಸುಖ ಅಂತ ಅನುಭವಿಸಿಯೇ ತಿಳಿಯಬೇಕು.

ಫೋನಲ್ಲಿ ಮಾತಾಡುವಾಗ ಸರಿಯಾಗಿ ಕೇಳಿ. ಗೇಟು ಎಷ್ಟು ಅಗಲ ಅಂತ ಕೇಳಿದರೆ "ಕಾರು ಬರ್ತದೆ" ಅನ್ನುತ್ತಾರೆ. ಅದು ಸಾಲದು. "ಶಾಲೆಯ ಬಸ್ಸು ಒಳಗೆ ಬಂದು ತಿರುಗ್ತದಾ?" ಅಂತ ಕೇಳಿ. ಆಗ ಸರಿಯಾದ ಉತ್ತರ ಸಿಗುತ್ತದೆ. ನಿಮ್ಮ ಗಾಡಿಯ ಎತ್ತರ ಅಡಿಯಲ್ಲಿ ಹೇಳಿ. ದಾರಿಯಲ್ಲಿ ತಗ್ಗಿನ ಕರೆಂಟ್ ತಂತಿ, ಕೇಬಲ್, ಕೊಂಬೆ ಇದೆಯಾ ಕೇಳಿ. ಫ್ರಿಜ್ಜು, ಎಸಿಗೆ 16 ಆಂಪಿಯರಿನ ಪ್ಲಗ್ ಬೇಕು. ಮಾಮೂಲು ಫ್ಯಾನಿನ ಪ್ಲಗ್ಗಿಗೆ ಹಾಕಿದರೆ ವೈರು ಕಾಯುತ್ತದೆ. ನೀರು ಸಿಹಿಯೋ ಉಪ್ಪೋ ಅಂತ ಕೇಳಲೇಬೇಕು. ಅಳಿವೆಯ ಹತ್ತಿರದ ಬಾವಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪುನೀರು ನುಗ್ಗುತ್ತದೆ. ಒಂದು ಸಲ ಆ ನೀರು ಟ್ಯಾಂಕಿಗೆ ತುಂಬಿಸಿದಿರೋ, ಚಹಾ ಕುಡಿಯಲಿಕ್ಕಾಗುವುದಿಲ್ಲ, ಪಂಪಿಗೂ ಒಳ್ಳೆಯದಲ್ಲ.

ನಾವು ಹೋದ ಮನೆಯ ಅಕ್ಕ ಗಾಡಿ ಒಳಗೆ ಬರುವಾಗಲೇ ಓಡಿ ಬಂದು ಕೈ ಅಡ್ಡ ಹಿಡಿದರು. "ಆ ಮರದ ಅಡಿಯಲ್ಲಿ ಬೇಡ ಅಣ್ಣ, ಕಾಯಿ ಕೊಯ್ಯದೆ ಎರಡು ತಿಂಗಳಾಯ್ತು." ನೆರಳು ಕಂಡು ನಾವು ತೆಂಗಿನ ಬುಡಕ್ಕೇ ತಿರುಗಿಸಿದ್ದೆವು. ನಮ್ಮೂರಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಬಿಸಿಲಿಗೆ ದಣಿದು ಬಂದಾಗ ನೆರಳು ಮಾತ್ರ ಕಾಣುತ್ತದೆ, ಮೇಲೆ ತೂಗುವ ಗೊನೆ ಕಾಣುವುದಿಲ್ಲ. ಅದೇ ರಾತ್ರಿ ಒಂದು ಒಣ ಮಡಲು ಬಿತ್ತು. ನಾವು ಮೊದಲು ನಿಲ್ಲಿಸಲು ಹೊರಟಿದ್ದ ಜಾಗಕ್ಕೆ ಸರಿಯಾಗಿ.

ಮರಳಿನ ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಸಂಜೆ ಸೂರ್ಯಾಸ್ತ ನೋಡಲು ಗಾಡಿಯನ್ನು ಬೀಚಿನ ಮರಳಿಗೆ ಇಳಿಸಬೇಡಿ. ಮೇಲೆ ಗಟ್ಟಿ ಕಾಣುವ ಮರಳು ಒಳಗೆ ಮೆತ್ತಗಿರುತ್ತದೆ. ನಮ್ಮ ಮೊದಲ ಪ್ರವಾಸದಲ್ಲಿ ಹಿಂದಿನ ಚಕ್ರ ಅರ್ಧ ಹೂತುಹೋಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಕೆಳಗೆ. ಬಲೆ ರಿಪೇರಿ ಮಾಡುತ್ತಿದ್ದ ನಾಲ್ಕು ಜನ ಎದ್ದು ಬಂದರು. ಚಕ್ರದ ಮುಂದಿನ ಮರಳನ್ನು ಕೈಯಲ್ಲೇ ಬಾಚಿದರು. ತೆಂಗಿನ ಮಡಲನ್ನು ಎಲೆ ಸಮೇತ ಚಕ್ರದ ಬುಡಕ್ಕೆ ತುರುಕಿದರು. ಟೈರಿನ ಗಾಳಿ ಸ್ವಲ್ಪ ಇಳಿಸಲು ಹೇಳಿದರು. ನಂತರ ದೋಣಿ ಎಳೆಯುವ ಹಗ್ಗ ಕಟ್ಟಿ, ಕೂಗು ಹಾಕಿ ಎಳೆದರು. ಎರಡನೇ ಎಳೆತಕ್ಕೆ ಗಾಡಿ ಮೇಲೆ ಬಂತು. ಹೂತರೆ ಮಾಡಬೇಕಾದದ್ದು ಅಷ್ಟೇ: ಎಂಜಿನ್ ರೇಸ್ ಮಾಡುವುದು ನಿಲ್ಲಿಸಿ, ಮಡಲು ಹುಡುಕಿ, ಜನರನ್ನು ಕರೆಯಿರಿ. ಮೇಲೆ ಬಂದ ಕೂಡಲೇ ಹತ್ತಿರದ ಬಂಕಲ್ಲಿ ಗಾಳಿ ತುಂಬಿಸಿ.

ಮೊದಲ ದಿನ ಇಷ್ಟೇ. ಯಾವ ಕ್ಲೀನಿಂಗೂ ಬೇಡ. ಊಟ ಮಾಡಿ ಮಲಗಿ. ನಾವು ಬಂದದ್ದು ಮೇ ಮೂರನೇ ವಾರ, ಪತ್ತನಾಜೆಗೆ ಕೆಲವೇ ದಿನ ಬಾಕಿ. ಪತ್ತನಾಜೆ ಅಂದರೆ ತುಳು ತಿಂಗಳು ಬೇಶದ ಹತ್ತನೇ ದಿನ. ಅಂದಿಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ. ರಾತ್ರಿ ಎಲ್ಲೋ ಗದ್ದೆಯ ಆಚೆಯಿಂದ ಚೆಂಡೆ ಕೇಳಿತು. ಮಾವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತವರು 12 ಗಂಟೆಯವರೆಗೆ ಏಳಲಿಲ್ಲ. ಇಡೀ ಪ್ರವಾಸದಲ್ಲಿ ಅವರು ಅಷ್ಟು ನಿರಾಳವಾಗಿ ಕೂತದ್ದನ್ನು ನಾನು ನೋಡಿದ್ದು ಅವತ್ತೇ.

ಎರಡನೇ ದಿನ: ಖಾಲಿ ಮಾಡುವ ದಿನ

ಇದು ದೊಡ್ಡ ಕೆಲಸ. ಬೆಳಗ್ಗೆ 6ಕ್ಕೆ ಶುರು ಮಾಡಿದರೆ ಬಿಸಿಲು ಏರುವ ಮೊದಲು ಮುಕ್ಕಾಲು ಪಾಲು ಮುಗಿಯುತ್ತದೆ.

ಮೊದಲು ಬಟ್ಟೆ. ಕೊಳಕು ಬಟ್ಟೆಯನ್ನೆಲ್ಲ ಅಂದೇ ಒಗೆದು ಒಣಗಿಸಿ. ಮೇ ಕೊನೆಗೆ ಮನೆ ಮುಟ್ಟುವವರಿಗೆ ಇದು ಇನ್ನೂ ಮುಖ್ಯ. ಒಂದು ಸಲ ಮಳೆ ಹಿಡಿಯಿತು ಅಂದರೆ ಮಂಗಳೂರಲ್ಲಿ ಜೀನ್ಸ್ ಒಣಗಲು ಮೂರು ದಿನ ಬೇಕು.

ನಂತರ ಹಾಸಿಗೆ, ದಿಂಬು, ಕೆಳಗಿನ ಹಲಗೆ ಎಲ್ಲ ಹೊರಗೆ ತನ್ನಿ. ಹಾಸಿಗೆಗೆ ಎರಡೂ ಕಡೆ ಬಿಸಿಲು ಬೀಳಲಿ. ಕರಾವಳಿಯ ತೇವಕ್ಕೆ ಸ್ಪಂಜು ಬೇಗ ಮುಗ್ಗಲು ಹಿಡಿಯುತ್ತದೆ. ಗಾಡಿಯ ಒಳಗೆ ಗುಡಿಸುವುದು ಮೇಲಿಂದ ಕೆಳಗೆ: ಮೊದಲು ಮೇಲಿನ ಕಪಾಟು, ಆಮೇಲೆ ಕಿಟಕಿಯ ಹಳಿ, ಕೊನೆಗೆ ನೆಲ. ಕಿಟಕಿಯ ಹಳಿಯ ಮರಳು ಪೊರಕೆಗೆ ಬರುವುದಿಲ್ಲ. ಹಳೆಯ ಟೂತ್‌ಬ್ರಶ್ಶಲ್ಲಿ ಕೆದಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ಲೈಡಿಂಗ್ ಬಾಗಿಲಿನ ಹಳಿಯಲ್ಲೂ ಹಾಗೇ. ಮರಳು ಉಳಿದರೆ ಬಾಗಿಲು ಕಿರುಗುಟ್ಟುತ್ತದೆ, ಗಾಡಿ ಒಪ್ಪಿಸುವಾಗ ಅವರು ಮೊದಲು ನೋಡುವುದು ಅದನ್ನೇ.

ಫ್ರಿಜ್ಜು, ಅಡುಗೆ ಸಾಮಾನು. ಕೊನೆಯ ಮೂರು ದಿನಕ್ಕೆ ಹೊಸತಾಗಿ ಏನೂ ಕೊಳ್ಳಬೇಡಿ. ಉಳಿದ ಅಕ್ಕಿ, ಬೇಳೆ, ಅವಲಕ್ಕಿಯನ್ನೇ ಮುಗಿಸಿ. ನಾವು ಎರಡು ಹೊತ್ತು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳದಲ್ಲೇ ಕಳೆದೆವು. 23 ದಿನ ಹೊರಗೆ ತಿಂದ ಹೊಟ್ಟೆಗೆ ಅದೇ ಮದ್ದು. ಮೀನು ತಿನ್ನಬೇಕಾದರೆ ಹೋಟೆಲಿಗೆ ಹೋಗಿ. ಗಾಡಿಯ ಒಳಗೆ ಬಂಗುಡೆ ಕಾಯಿಸಬೇಡಿ, ಒಣಮೀನು ಇಡಲೇಬೇಡಿ. ಮೊದಲ ಸಲ ಅತ್ತೆ ಮಾಲ್ವಣದಲ್ಲಿ ಒಣ ಸಿಗಡಿ ಕೊಂಡಿದ್ದರು. ಮೂರು ಪ್ಲಾಸ್ಟಿಕ್ ಸುತ್ತಿದರೂ ಆ ವಾಸನೆ ಹಾಸಿಗೆಯ ಸ್ಪಂಜಿಗೆ ಹತ್ತಿತು, ಹೋಗಲೇ ಇಲ್ಲ. ಆಸೆ ಇದ್ದರೆ ಗಾಡಿ ಒಪ್ಪಿಸಿದ ಮೇಲೆ ಮಂಗಳೂರಲ್ಲೇ ಕೊಳ್ಳಿ. ಫ್ರಿಜ್ಜನ್ನು ಖಾಲಿ ಮಾಡಿ, ಆಫ್ ಮಾಡಿ, ನಿಂಬೆಹುಳಿ ಹಿಂಡಿದ ನೀರಲ್ಲಿ ಒರೆಸಿ. ಬಾಗಿಲು ಮುಚ್ಚಬೇಡಿ. ಸಂದಿಗೆ ಒಂದು ಮಡಚಿದ ಬಟ್ಟೆ ಇಡಿ, ಗಾಳಿ ಆಡುತ್ತದೆ.

ಇನ್ನು ನೀರಿನ ಟ್ಯಾಂಕುಗಳು. ಇಲ್ಲಿ ಸ್ವಲ್ಪ ನಿಧಾನಿಸಿ ಓದಿ.

ಗಾಡಿಯಲ್ಲಿ ಸಾಮಾನ್ಯವಾಗಿ ಮೂರು ಟ್ಯಾಂಕು. ಒಂದು ಒಳ್ಳೆಯ ನೀರಿಗೆ. ಇನ್ನೊಂದು ಪಾತ್ರೆ ತೊಳೆದ, ಮಿಂದ ಕೊಳೆನೀರಿಗೆ. ಮೂರನೆಯದು ಕಕ್ಕಸಿನ ಪೆಟ್ಟಿಗೆ. ಕೊಳೆನೀರನ್ನು ಹೆದ್ದಾರಿ ಬದಿಯ ಚರಂಡಿಗೋ ಹೊಳೆಗೋ ಬಿಡುವವರನ್ನು ನೋಡಿದ್ದೇನೆ. ನೋಡಿ ಹೊಟ್ಟೆ ಉರಿಯಿತು. ಆ ಚರಂಡಿ ಸೀದಾ ಸೀತಾ ಹೊಳೆಗೋ ಸ್ವರ್ಣಾ ಹೊಳೆಗೋ ಹೋಗುತ್ತದೆ. ಆ ಹೊಳೆ ಕಡಲು ಸೇರುವಲ್ಲಿ ಜನ ಮಳಿ (ತಿನ್ನುವ ಚಿಪ್ಪು) ಹೆಕ್ಕಿ ಬದುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಅಂಗಳದಲ್ಲಿ ಬಿಡುವುದಾದರೂ ಮನೆಯವರನ್ನು ಕೇಳಿ ಬಿಡಿ. ನಾನು ಕೇಳಿದಾಗ ಆ ಅಕ್ಕ ಹೇಳಿದರು: "ನೀರು ಎಷ್ಟು ಬೇಕಾದ್ರೂ ತಗೊಳ್ಳಿ. ಆದ್ರೆ ಸಾಬೂನಿನ ನೀರು ಬಾವಿ ಕಡೆ ಬೇಡ. ಅಗೋ, ಆ ಕೊನೆಯ ತೆಂಗಿನ ಬುಡಕ್ಕೆ ಬಿಡಿ." ಅವರು ಹೇಳಿದ್ದರಲ್ಲಿ ಅರ್ಥ ಇದೆ. ನಮ್ಮ ಕಡೆಯ ನೆಲ ಮುರಕಲ್ಲು. ತುಂಬ ತೂತುಗಳಿರುವ ಕಲ್ಲು. ಮೇಲೆ ಸುರಿದದ್ದು ಬೇಗನೆ ಕೆಳಗೆ ಇಳಿದು ಬಾವಿ ಸೇರುತ್ತದೆ. ಕಡಲ ಹತ್ತಿರದ ಮರಳು ನೆಲದಲ್ಲೂ ಅದೇ ಕಥೆ. ಹಾಗಾಗಿ ಬಾವಿಯಿಂದ ಆದಷ್ಟು ದೂರ, ಇಳಿಜಾರಿನ ಕೆಳಗಿನ ಬದಿಗೆ ಬಿಡಿ. ಒಂದೇ ಬುಡಕ್ಕೆ ಸುರಿಯದೆ ನಾಲ್ಕೈದು ಬುಡಕ್ಕೆ ಹಂಚಿ. ಕೊನೆಯ ವಾರ ಪಾತ್ರೆ ತೊಳೆಯಲು ಸೋಪು ಕಡಿಮೆ ಬಳಸಿದರೆ ಇನ್ನೂ ಒಳ್ಳೆಯದು. ಅಂಟುವಾಳ ಸಿಕ್ಕರೆ ಅದನ್ನೇ ಬಳಸಿ.

ಕಕ್ಕಸಿನ ಪೆಟ್ಟಿಗೆಯನ್ನು ಮನೆಯವರ ಒಪ್ಪಿಗೆ ಪಡೆದು ಅವರ ಕಕ್ಕಸಿಗೇ ಸುರಿಯಬೇಕು. ಒಮ್ಮೆಗೇ ಬೇಡ. ಸ್ವಲ್ಪ ಸುರಿಯಿರಿ, ಒಂದು ಬಕೆಟ್ ನೀರು ಹಾಕಿ, ಮತ್ತೆ ಸ್ವಲ್ಪ. ಪೆಟ್ಟಿಗೆಗೆ ಹಾಕುವ ನೀಲಿ ದ್ರಾವಣ ಕೊಳೆಯುವುದನ್ನು ತಡೆಯುತ್ತದೆ. ಅದು ಜಾಸ್ತಿ ಹೋದರೆ ಮನೆಯವರ ಗುಂಡಿಯಲ್ಲಿ ಕೊಳೆ ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಗುಂಡಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಕೊನೆಯ ಎರಡು ದಿನ ದ್ರಾವಣ ಹಾಕದೆ ಹೋಂಸ್ಟೇಯ ಕಕ್ಕಸನ್ನೇ ಬಳಸಿ. ಖಾಲಿ ಮಾಡಿದ ಪೆಟ್ಟಿಗೆಯನ್ನು ಮೂರು ಸಲ ತೊಳೆದು ಬಿಸಿಲಿಗೆ ಬಾಯಿ ತೆರೆದಿಡಿ. ಈ ಕೆಲಸ ಮಾಡುವವರಿಗೆ ಕೈಗವಸು ಬೇಕು. ನಮ್ಮಲ್ಲಿ ಇದನ್ನು ಮಾಡಿದ್ದು ನಾನು ಮತ್ತು ಇವರು, ಸರದಿಯಲ್ಲಿ. ಮನೆಯವರಿಗೆ ಇದಕ್ಕಾಗಿ ಬೇರೆಯೇ ದುಡ್ಡು ಕೊಡಿ. ಅವರು ಬೇಡ ಅಂದರೂ ಕೊಡಿ.

ಒಳ್ಳೆಯ ನೀರಿನ ಟ್ಯಾಂಕನ್ನು ಕೊನೆಗೆ ಖಾಲಿ ಮಾಡಿ. ಮೂರನೇ ದಿನ ಬೆಳಗ್ಗೆ ಮುಖ ತೊಳೆಯಲು ಬೇಕಾಗುತ್ತದೆ.

ಗ್ಯಾಸ್. ಎರಡನೇ ದಿನ ರಾತ್ರಿಯ ಅಡುಗೆಯೇ ಕೊನೆ. ಆಮೇಲೆ ರೆಗ್ಯುಲೇಟರ್ ಆಫ್ ಮಾಡಿ ಬಿಚ್ಚಿ, ಸಿಲಿಂಡರಿಗೆ ಮುಚ್ಚಳ ಹಾಕಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ಹರಡಿಕೊಂಡು ಕೂರುತ್ತದೆ. ಅದಕ್ಕೇ ಗಾಡಿಯ ನೆಲಕ್ಕೆ ಗಾಳಿಕಿಂಡಿ ಇಟ್ಟಿರುತ್ತಾರೆ. ಸಾಮಾನು ಜೋಡಿಸುವ ಗಡಿಬಿಡಿಯಲ್ಲಿ ಅದರ ಮೇಲೆ ಬ್ಯಾಗು ಇಡಬೇಡಿ. ಪೈಪಿನ ಜೋಡಣೆಗೆ ಸಾಬೂನಿನ ನೊರೆ ಹಚ್ಚಿ ನೋಡಿ, ಗುಳ್ಳೆ ಬಂದರೆ ಸೋರುತ್ತಿದೆ. ಇದು ಪ್ರವಾಸದುದ್ದಕ್ಕೂ ವಾರಕ್ಕೊಮ್ಮೆ ಮಾಡಬೇಕಾದ ಕೆಲಸ.

ಮಕ್ಕಳಿಗೆ ಕೆಲಸ ಹಂಚಿ. ಕೊನೆಯ ದಿನಗಳಲ್ಲಿ ಮಕ್ಕಳು ಸುಮ್ಮಸುಮ್ಮನೆ ಸಿಡುಕುತ್ತಾರೆ. ಪ್ರವಾಸ ಮುಗಿಯುತ್ತಿದೆ ಎಂಬ ಸಂಕಟ ಅವರಿಗೆ ನಮಗಿಂತ ಮೊದಲೇ ತಿಳಿಯುತ್ತದೆ. ನಮ್ಮ 12 ವರ್ಷದ ಮಗಳಿಗೆ ಪಟ್ಟಿ ಓದುವ ಕೆಲಸ ಕೊಟ್ಟೆವು. ಗಾಡಿ ತೆಗೆದುಕೊಂಡಾಗ ಕೊಟ್ಟ ಸಾಮಾನಿನ ಪಟ್ಟಿ ಹಿಡಿದು ಅವಳು ಒಂದೊಂದೇ ಹೆಸರು ಕೂಗುತ್ತಾಳೆ, 7 ವರ್ಷದ ತಮ್ಮ ಹುಡುಕಿ ತಂದು ಚಾಪೆಯ ಮೇಲೆ ಸಾಲಾಗಿ ಇಡುತ್ತಾನೆ. ಚಮಚ ಒಂದು ಕಡಿಮೆ ಬಂತು. ಅರ್ಧ ಗಂಟೆ ಹುಡುಕಿ ಸೀಟಿನ ಸಂದಿಯಿಂದ ತೆಗೆದು ತಂದಾಗ ಅವನ ಮುಖ ನೋಡಬೇಕಿತ್ತು. ಸಂಜೆಯವರೆಗೆ ಯಾರೂ ಅಳಲಿಲ್ಲ.

ಸಂಜೆ ಉಡುಪಿಗೆ ಹೋಗಿ, ಬಸ್ಸಲ್ಲಿ ಹೋಗಿ. ಕ್ಯಾರವಾನನ್ನು ರಥಬೀದಿಯ ಕಡೆಗೆ ತರುವ ಯೋಚನೆಯೇ ಬೇಡ. ಹೆದ್ದಾರಿಯಲ್ಲಿ ಕುಂದಾಪುರ–ಉಡುಪಿ ಬಸ್ಸು ಬೇಕಾದಷ್ಟಿದೆ. ಕೃಷ್ಣಮಠ, ಕನಕನ ಕಿಂಡಿ, ಒಂದು ಗಡ್‌ಬಡ್ ಐಸ್‌ಕ್ರೀಮ್, ಸಾಕು. ಸೇಂಟ್ ಮೇರೀಸ್ ದ್ವೀಪವನ್ನು ಈ ದಿನಕ್ಕೆ ತುರುಕಬೇಡಿ. ಮಳೆಗಾಲ ಬಂದರೆ ಹೇಗೂ ಮಲ್ಪೆಯಿಂದ ದೋಣಿ ಬಿಡುವುದಿಲ್ಲ. ಬೇಸಿಗೆಯಲ್ಲಾದರೂ ಅದಕ್ಕೆ ಬೇರೆ ದಿನ ಬನ್ನಿ, ಹತ್ತಿರವೇ ಅಲ್ವಾ.

ಮೂರನೇ ದಿನ: ಕೊನೆಯ 80 ಕಿಲೋಮೀಟರು

ಹೊರಡುವ ಮೊದಲು ಎರಡು ಚೀಲ ಬೇರೆ ಇಡಿ. ಒಂದರಲ್ಲಿ ಹಿರಿಯರ ಮಾತ್ರೆ, ಮನೆಯ ಬೀಗದ ಕೈ, ಚಾರ್ಜರ್, ಎಲ್ಲರಿಗೂ ಒಂದು ಜೊತೆ ಬಟ್ಟೆ. ಇನ್ನೊಂದರಲ್ಲಿ ಗಾಡಿಯ ಕಾಗದಪತ್ರ, ಬಿಲ್ಲುಗಳು. ಅತ್ತೆಯ ಬಿಪಿ ಮಾತ್ರೆ ಯಾವುದೋ ಪೆಟ್ಟಿಗೆಯ ತಳಕ್ಕೆ ಹೋಗಿ, ಮೊದಲ ಪ್ರವಾಸದ ಕೊನೆಯ ದಿನ ಪಟ್ಟ ಪಾಡು ನಮಗೆ ಇನ್ನೂ ನೆನಪಿದೆ.

ಫಾಸ್ಟ್ಯಾಗ್ ಬ್ಯಾಲೆನ್ಸ್ ನೋಡಿಕೊಳ್ಳಿ. ಉತ್ತರದಿಂದ ಬರುವಾಗ ಶಿರೂರು, ಸಾಸ್ತಾನದ ಗುಂಡ್ಮಿ, ಹೆಜಮಾಡಿಯಲ್ಲಿ ಟೋಲ್ ಇದೆ. ಸುರತ್ಕಲ್ ಟೋಲ್ 2022ರ ಡಿಸೆಂಬರಿನಿಂದ ನಿಂತಿದೆ.

ದಾರಿಯಲ್ಲಿ ವಾಟರ್ ಸರ್ವಿಸ್ ಮಾಡಿಸಿ. ಮೇಲಿನ ಬಾಡಿಗಿಂತ ಕೆಳಗಿನದು ಮುಖ್ಯ. ವಾರಗಟ್ಟಲೆ ಕಡಲ ಬದಿಯಲ್ಲಿ ಓಡಿದ ಗಾಡಿಯ ತಳದಲ್ಲಿ ಉಪ್ಪು ಕೂತಿರುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದಲೇ. ಗಾಡಿಯನ್ನು ಲಿಫ್ಟಿಗೆ ಏರಿಸಿ, ಸ್ಪ್ರಿಂಗ್ ಪ್ಲೇಟುಗಳ ಸಂದಿ, ಚಕ್ರದ ಒಳಗೋಡೆ, ಮೆಟ್ಟಿಲಿನ ಅಡಿ, ಎಲ್ಲಕ್ಕೂ ನೀರು ಹೊಡೆಯಲು ಹೇಳಿ. ಪಕ್ಕದಲ್ಲೇ ನಿಂತು ನೋಡಿ. ನಮ್ಮದರಿಂದ ಇಳಿದ ನೀರು ಮೊದಲು ಬೂದಿ ಬಣ್ಣ, ನಂತರ ಕೆಂಪು, ಕೊನೆಗೆ ತಿಳಿ. ಕಛ್‌ನ ಮಣ್ಣು, ಕೊಂಕಣದ ಮಣ್ಣು ಎರಡೂ ಸಾಸ್ತಾನದ ತೋಡಿಗೆ ಇಳಿದು ಹೋದದ್ದನ್ನು ಮಗ ಕುಕ್ಕರಗಾಲಲ್ಲಿ ಕೂತು ನೋಡಿದ. ಟೈರಿನ ಪಕ್ಕದಲ್ಲಿ ಕಲ್ಲು ತಾಗಿದ ಗಾಯ ಇದೆಯಾ ಅಂತಲೂ ಆಗಲೇ ನೋಡಿಕೊಳ್ಳಿ. ತೊಳೆದ ಮೇಲೆ ಚೆನ್ನಾಗಿ ಕಾಣುತ್ತದೆ.

ಒಂದು ನಿಲುಗಡೆ ಮನಸ್ಸಿಗೆ. ನಮ್ಮದು ಕಾಪು. 1901ರ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ. ಬೆಳಗ್ಗಿನ ಹೊತ್ತು ಜನ ಇರುವುದಿಲ್ಲ. ಇಡ್ಲಿ ಕಟ್ಟಿಸಿಕೊಂಡು ಹೋಗಿ ಬಂಡೆಯ ಬುಡದಲ್ಲಿ ಕೂತು ತಿಂದೆವು. ಪಡುಬಿದ್ರಿಯ ಬ್ಲೂ ಫ್ಲಾಗ್ (ಸ್ವಚ್ಛ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಬೀಚ್ ಕೂಡ ದಾರಿಯಲ್ಲೇ ಇದೆ, ಅಲ್ಲಿ ಶೌಚಾಲಯದ ವ್ಯವಸ್ಥೆ ಚೆನ್ನಾಗಿದೆ. ಯಾವುದಾದರೂ ಒಂದನ್ನೇ ಆರಿಸಿ.

ಮುಲ್ಕಿ ದಾಟಿದ ಮೇಲೆ ಡೀಸೆಲ್ ತುಂಬಿಸಿ. ಗಾಡಿ ಪಡೆದಾಗ ಎಷ್ಟಿತ್ತೋ ಅಷ್ಟೇ. ಬಿಲ್ಲಿನ ಫೋಟೋ ತೆಗೆದಿಡಿ. ಬಂಕಿನ ಚಾವಣಿ ನಿಮ್ಮ ಗಾಡಿಗೆ ಸಾಕಷ್ಟು ಎತ್ತರ ಇದೆಯಾ ಅಂತ ಇಳಿದು ನೋಡಿಯೇ ಒಳಗೆ ಹೋಗಿ.

ಕೂಳೂರು, ಕೊಟ್ಟಾರ ಚೌಕಿ, ನಂತೂರು: ಬೆಳಗ್ಗೆ ಎಂಟೂವರೆಯಿಂದ ಹತ್ತರವರೆಗೆ ಇಲ್ಲಿ ಸಿಕ್ಕಿಕೊಂಡರೆ ಹೊರಬರುವುದು ಕಷ್ಟ. ಸಾಧ್ಯವಾದರೆ ಹತ್ತರ ನಂತರ ದಾಟಿ. ಮನೆ ನಗರದ ಒಳಗಿದ್ದರೆ ಸಾಮಾನು ಇಳಿಸಲು ಗಾಡಿಯನ್ನು ಓಣಿಗೆ ತರಬೇಡಿ. ಅಗಲ ರಸ್ತೆಯಲ್ಲಿ ನಿಲ್ಲಿಸಿ, ಒಂದು ಗೂಡ್ಸ್ ಆಟೋ ಹಿಡಿಯಿರಿ. ಆ ಹಲಸಿನ ಕೊಂಬೆ ನಮಗೆ ಕಲಿಸಿದ ಪಾಠ ಅದು. ಹಿರಿಯರನ್ನೂ ಮಕ್ಕಳನ್ನೂ ಸಾಮಾನಿನ ಜೊತೆ ಮನೆಯಲ್ಲೇ ಬಿಟ್ಟು, ಒಪ್ಪಿಸಲು ಇಬ್ಬರೇ ಹೋಗಿ.

ಒಪ್ಪಿಸುವಾಗ

ಹೋಗುವ ಮೊದಲೇ ಒಂದು ವಿಡಿಯೋ ತೆಗೆಯಿರಿ. ಗಾಡಿಯ ಸುತ್ತ ಒಂದು ಸುತ್ತು, ಮೇಲ್ಛಾವಣಿ, ನಾಲ್ಕು ಟೈರು, ಗಾಜು, ಓಡಿದ ಕಿಲೋಮೀಟರು, ಡೀಸೆಲ್ ಮುಳ್ಳು, ಒಳಗಿನ ಪ್ರತಿ ಕಪಾಟು. ಆರಂಭದ ದಿನ ತೆಗೆದ ವಿಡಿಯೋ ಇದ್ದರೆ ಅದೇ ಕ್ರಮದಲ್ಲಿ ತೆಗೆಯಿರಿ, ಹೋಲಿಸಲು ಸುಲಭ. ಏನಾದರೂ ಮುರಿದಿದ್ದರೆ ಅವರು ಕಂಡುಹಿಡಿಯುವ ಮೊದಲು ನೀವೇ ಹೇಳಿ. ನಮ್ಮಲ್ಲಿ ಕಿಟಕಿಯ ಒಂದು ಕೊಕ್ಕೆ ಮುರಿದಿತ್ತು. ನಾವೇ ತೋರಿಸಿದೆವು. ಕೊಕ್ಕೆಯ ಬೆಲೆ ಮಾತ್ರ ತೆಗೆದುಕೊಂಡರು.

ಟೋಲಿನ ಲೆಕ್ಕವನ್ನು ಅವರ ಎದುರೇ ನೋಡಿ. ವೇಗದ ಕ್ಯಾಮೆರಾದ ದಂಡ ಕೆಲವು ದಿನ ಬಿಟ್ಟು ಬರುತ್ತದೆ. ಗಾಡಿಯ ನಂಬರ್ ಹಾಕಿ ಪರಿವಾಹನ್ ಇ-ಚಲನ್ ತಾಣದಲ್ಲಿ ಅವತ್ತೇ ಒಮ್ಮೆ, ಎರಡು ವಾರ ಬಿಟ್ಟು ಮತ್ತೊಮ್ಮೆ ನೋಡಿ. ಠೇವಣಿ ಯಾವತ್ತು ವಾಪಸು ಬರುತ್ತದೆ ಅಂತ ಬರವಣಿಗೆಯಲ್ಲಿ ಪಡೆಯಿರಿ. ವಾಟ್ಸ್ಆ್ಯಪ್ ಮೆಸೇಜ್ ಆದರೂ ಸಾಕು.

ಗಾಡಿ ನಿಮ್ಮದೇ ಆಗಿದ್ದರೆ

ಆಗ ಒಪ್ಪಿಸುವ ಚಿಂತೆ ಇಲ್ಲ, ಆದರೆ ಮಳೆಗಾಲ ಇದೆ. ಈ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಾಲ್ಕು ತಿಂಗಳು ಮುಚ್ಚಿಟ್ಟ ಗಾಡಿ ಒಳಗಿನಿಂದ ಬೂಸಲು ಹಿಡಿಯುತ್ತದೆ. ಹಾಸಿಗೆಗಳನ್ನು ಮನೆಯೊಳಗೆ ತನ್ನಿ. ಕಪಾಟುಗಳ ಬಾಗಿಲು ತೆರೆದಿಡಿ. ಎಲ್ಲ ಟ್ಯಾಂಕು ಬರಿದು ಮಾಡಿ ಮುಚ್ಚಳ ಸಡಿಲ ಬಿಡಿ. ಬಟ್ಟಲಲ್ಲಿ ಇದ್ದಿಲು ಇಟ್ಟರೆ ತೇವದ ವಾಸನೆ ಕಡಿಮೆಯಾಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ತುಕ್ಕು ಹಿಡಿದು ಬ್ರೇಕ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿಗೆ ಹಾಕಿ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಒಳಗಿನ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ವೈರು ಬಿಚ್ಚಿ. ಲೆಡ್ ಆ್ಯಸಿಡ್ ಬ್ಯಾಟರಿಯಾದರೆ ತುಂಬಿದಾಗ 12.7 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಇಳಿದರೆ ಅರ್ಧ ಖಾಲಿ, ಕೂಡಲೇ ಚಾರ್ಜ್ ಮಾಡಿ. ಅಕ್ಕಿಯ ಒಂದು ಕಾಳೂ ಒಳಗೆ ಉಳಿಯದಿರಲಿ. ಮಳೆಗೆ ಆಸರೆ ಹುಡುಕುವ ಇಲಿಗೆ ಅಷ್ಟು ಸಾಕು. ಒಳಗೆ ಬಂದರೆ ಮೊದಲು ಕಡಿಯುವುದು ವೈರು. 15 ದಿನಕ್ಕೊಮ್ಮೆ ಬಿಸಿಲು ಕಂಡ ದಿನ ಬಾಗಿಲು ತೆರೆದು, ಎಂಜಿನ್ ಅರ್ಧ ಗಂಟೆ ಓಡಿಸಿ.

ಕೊನೆಗೆ ಇನ್ನೊಂದು ದಿನ

ಗಾಡಿ ಒಪ್ಪಿಸಿದ ಮರುದಿನ ಆಫೀಸಿಗೆ ಹೋಗಬೇಡಿ. ಆ ಒಂದು ರಜೆಯನ್ನು ಪ್ರವಾಸದ ಲೆಕ್ಕಕ್ಕೇ ಸೇರಿಸಿ. ಮನೆಯ ನೀರಿನ ಟ್ಯಾಂಕ್ ತೊಳೆಯಬೇಕು, ಹಾಲಿನವರಿಗೆ, ಪೇಪರಿನವರಿಗೆ ಹೇಳಬೇಕು, ಪಕ್ಕದ ಮನೆಯವರು ನೀರು ಹಾಕಿ ಉಳಿಸಿದ ತುಳಸಿಗೆ ಅವರಿಗೊಂದು ಡಬ್ಬ ಸಿಹಿ ಕೊಡಬೇಕು. ಮಕ್ಕಳೂ ಅವತ್ತು ಮನೆಯಲ್ಲೇ ಇರಲಿ. ನಮ್ಮ ಮಗ ಆ ರಾತ್ರಿ ತನ್ನ ಮಂಚ ಬಿಟ್ಟು, ಡೈನಿಂಗ್ ಟೇಬಲ್ಲಿನ ಅಡಿಯಲ್ಲಿ ಚಾಪೆ ಹಾಕಿ ಮಲಗಿದ. ಗಾಡಿಯಲ್ಲಿ ಅವನ ಜಾಗ ಅಷ್ಟೇ ಎತ್ತರ ಇತ್ತು. ನಾವು ಏನೂ ಹೇಳಲಿಲ್ಲ, ಒಂದು ದಿಂಬು ಕೊಟ್ಟೆವು. ನಾಲ್ಕನೇ ದಿನ ತಾನಾಗಿಯೇ ಮಂಚಕ್ಕೆ ಮರಳಿದ.